ಗೋಡೆಯ ಪಕ್ಕ ಬಿಟ್ಟ ಜಾಗ

ಸ್ವಂತ ದುಡ್ಡು ಕೊಟ್ಟು ಕೊಂಡ ಜಾಗದ ನಾಲ್ಕೂ ಬದಿ ಖಾಲಿ ಬಿಟ್ಟು, ನಡುವೆ ಮನೆ ಕಟ್ಟಬೇಕಂತೆ. ಭಟ್ಕಳ ತಾಲ್ಲೂಕಿನ ಈ ಹಳ್ಳಿಯ ಪಂಚಾಯಿತಿಯಲ್ಲಿ ಹಾಗೆಂದಾಗ ನಾನು ಪೆಚ್ಚಾದೆ.

ಬಾಗಲಕೋಟೆ ಸೀಮೆಯ ನಮ್ಮೋಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಸೌಟಿನ ಹಿಡಿಯಿಂದ ಗೋಡೆ ಬಡಿದರೆ ಆಚೆಯಿಂದ ನೀಲವ್ವತ್ತಿ ‘ಓ’ ಅನ್ನುತ್ತಾಳೆ. ಉಪ್ಪು, ಜ್ವರ, ಜಗಳ ಎಲ್ಲಕ್ಕೂ ಅದೇ ನಮ್ಮ ಟೆಲಿಫೋನು.

ಟೀಚರ್ ಕೆಲಸದ ಮೇಲೆ ಒಬ್ಬಳೇ ಇಲ್ಲಿಗೆ ಬಂದವಳು, ಊರು ಹಿಡಿಸಿ ಮನೆಗೆ ಕೈ ಹಾಕಿದೆ. ಮೊದಲು ಬೇಕಾದದ್ದು ಬಿನ್‌ಶೇತ್ಕಿ, ಅಂದರೆ ಗದ್ದೆಯನ್ನು ಮನೆಯ ಜಾಗವಾಗಿ ಮಾಡಿಕೊಡುವ ಆದೇಶ. ಮುಂಬಯಿ ಪ್ರಾಂತ್ಯದ ಕಾಲದ ಈ ಮಾತು ನಮ್ಮ ಕಡೆಯೂ ಇದೆ. ಕೇಳಿ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಜಾಗ ಗುಡ್ಡದ ಕಡೆಗಿದ್ದುದರಿಂದ ಸಮುದ್ರದಂಚಿನ ನಿಯಮವೂ ಅಡ್ಡ ಬರಲಿಲ್ಲ.

ಎಡವಿದ್ದು ನಕ್ಷೆಯಲ್ಲಿ. ಪಕ್ಕದ ಮನೆಯ, ಮೀನು ಮಾರುವ ಮಾದೇವಿಯಕ್ಕನ ಗಡಿಗೆ ಅಂಟಿಸಿಯೇ ಅಡುಗೆಮನೆಯ ಗೋಡೆ ಬರೆಸಿದ್ದೆ. ಮುಂದೆ ಅವಳೂ ತನ್ನ ಮನೆಯನ್ನು ಇತ್ತ ಬೆಳೆಸಿದರೆ ಗೋಡೆ ಒಂದೇ ಆಗಲಿ ಎಂಬ ಆಸೆ.

ಪಿಡಿಒ ನಕ್ಷೆ ಹಿಂದಿರುಗಿಸಿದರು. “ಹೀಂಗೆ ಕಟ್ಟೂಕೆ ಪರವಾನಿಗೆ ಕೊಡೂಕಾಗ್ತಿಲ್ಲ ಮೇಡಂ. ಗಾಳಿ ಬೆಳಕು ಬೇಡ್ವಾ? ಮಳೆಗಾಲದಲ್ಲಿ ನಿಮ್ಮ ಮಾಡಿನ ನೀರು ಅವರ ಗೋಡೆಗೆ ಬಿದ್ರೆ ಎಂತ ಮಾಡೂದು?”

ಮಳೆಗಾಗಿ ಮುಗಿಲು ನೋಡುವ ಊರಿನವಳಿಗೆ ಇದು ಹೊಳೆದೇ ಇರಲಿಲ್ಲ. ಅಡುಗೆಮನೆ ಚಿಕ್ಕದಾದದ್ದು ಇರಲಿ, ಗೋಡೆ ದೂರವಾದದ್ದೇ ಸಂಕಟ. ಫೋನಿನಲ್ಲಿ ಅವ್ವನ ಚಿಂತೆಯೂ ಅದೇ: “ಒಬ್ಬಾಕಿನ ಇರಾಕಿ. ಗ್ವಾಡಿ ಬಡದ್ರ ಓ ಅನ್ನಾವ್ರು ಯಾರವಾ?” ಆ ಪ್ರಶ್ನೆಗೆ ನಿಜವಾಗಿ ಹೆದರಿದ್ದೆ.

ಹೊಸ ನಕ್ಷೆಗೆ ಪರವಾನಿಗೆ ಸಿಕ್ಕಿತು, ಮನೆಯೂ ಎದ್ದಿತು. ಬಿಟ್ಟ ಜಾಗ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ಕಾಂಪೌಂಡಿಗೆ ಕಲ್ಲು ಇಳಿಸಿದ ದಿನ ಮಾದೇವಿಯಕ್ಕ ಬಂದಳು.

“ಟೀಚರೇ, ಸುತ್ತು ಹಾಕಿ ಹೋಗೂಕೆ ಕಾಲು ನೋವು. ಬುಟ್ಟಿ ಹೊತ್ಕಂಡು ಇಲ್ಲಿಂದ್ಲೇ ರಸ್ತೆಗೆ ಇಳಿದ್ರೆ ಆತಾ?”

“ಆತು,” ಅಂದೆ. ಆ ಬದಿಗೆ ಕಾಂಪೌಂಡು ಹಾಕಿಸಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಓಡಾಡಿ, ಮಳೆಗಾಲದ ಹೊತ್ತಿಗೆ ಅಲ್ಲೊಂದು ಕಾಲುದಾರಿಯೇ ಬಿತ್ತು.

ಒಂದು ಬೆಳಿಗ್ಗೆ ಸಾರು ಕುದಿಯುತ್ತಿದ್ದಾಗ ಉಪ್ಪಿನ ಡಬ್ಬಿ ಬರಿದಾಗಿತ್ತು. ಕೈ ತಾನಾಗಿ ಸೌಟಿನಿಂದ ಗೋಡೆ ಬಡಿಯಿತು. ನನ್ನ ಪೆದ್ದುತನಕ್ಕೆ ನಗುವಷ್ಟರಲ್ಲಿ ಕಿಟಕಿಯಲ್ಲಿ ಮೀನಿನ ಬುಟ್ಟಿ, ಅದರ ಕೆಳಗೆ ಮಾದೇವಿಯಕ್ಕನ ಮುಖ.

“ಎಂತ ಬೇಕಿತ್ತು ಟೀಚರೇ?”

ಉಪ್ಪು ಬಂತು, ಬೇಡವೆಂದರೂ ಎರಡು ಬಂಗುಡೆಯೂ ಬಂದವು. ಸಸ್ಯಾಹಾರಿ ನಾನೆಂದು ಅವಳಿಗೆ ಅಂದೇ ಗೊತ್ತಾದದ್ದು. ಇಬ್ಬರೂ ಹೊಟ್ಟೆ ತುಂಬ ನಕ್ಕೆವು.

ರಜೆಯಲ್ಲಿ ಊರಿಗೆ ಹೋದಾಗ ಅವ್ವನ ಅಡುಗೆಮನೆಯಲ್ಲಿ ಗೋಡೆ ಬಡಿದೆ. ನೀಲವ್ವತ್ತಿ ಎಂದಿನಂತೆ ‘ಓ’ ಅಂದಳು. ನನ್ನ ಕಣ್ಣು ಮಾತ್ರ ಆ ಗೋಡೆಯಲ್ಲಿ ಕಿಟಕಿ ಹುಡುಕುತ್ತಿತ್ತು.