ನೆನೆಸಿದ ಖಡಕ್ ರೊಟ್ಟಿ

ಸವೆದ ದವಡೆಕೀಲಿಗೆ ಎಣ್ಣೆ ಬಿಟ್ಟಂತೆ ನುಣುಪು ತರುವ ನ್ಯಾನೋ ಕಣಗಳ ಇಂಜೆಕ್ಷನ್ ಇಲಿಗಳಿಗೆ ಫಲಿಸಿದ್ದೇ ತಡ, ಅದನ್ನು ಕಂಡುಹಿಡಿದ ಹ್ಯೂಸ್ಟನ್ನಿನ ಡಾಕ್ಟರ್ ಗುರುಲಿಂಗಪ್ಪನವರ ದವಡೆ ಇಲಿಗಳದ್ದಕ್ಕಿಂತ ಸಲೀಸಾಗಿ ಆಡತೊಡಗಿತು. ಆಸ್ಟಿನ್, ಡಾಲಸ್, ಮೈಕ್ ಕಂಡಲ್ಲೆಲ್ಲ ಭಾಷಣ. ಮನೆಯಲ್ಲಿ ಹೆಂಡತಿ ನೀಲವ್ವನಿಗೂ ಅದೇ ದವಡೆನೋವು. ಬಾಗಲಕೋಟೆಯಿಂದ ತರಿಸಿದ ಖಡಕ್ ರೊಟ್ಟಿಯನ್ನು ಆಕೆ ಸಾರಿನಲ್ಲಿ ನೆನೆಸಿ ನುಂಗುತ್ತಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತ ಡಾಕ್ಟರು, "ನಮ್ಮ ಇಲಿ ಈಗ ಕಡಲಿ ಕಡೀತಾವ ನೋಡು!" ಎಂದರು.

"ನನಗೂ ಒಂದು ಸೂಜಿ ಹಾಕ್ರಿ ಮತ್ತ."

"ಮನುಷ್ಯಾರಿಗೆ ಪರ್ಮಿಷನ್ ಸಿಗಾಕ ಇನ್ನೂ ಹತ್ತು ವರ್ಷರ ಬೇಕು."

"ಅಷ್ಟೊತ್ತಿಗೆ ನನಗ ಎಂಬತ್ತೆರಡು," ಎಂದು ನಕ್ಕ ನೀಲವ್ವ, ನಕ್ಕ ನೋವಿಗೆ ದವಡೆ ಹಿಡಿದುಕೊಂಡರು. ಗಂಡನ ತಟ್ಟೆಗೆ ಗರಿಗರಿ ರೊಟ್ಟಿಯೊಂದನ್ನು ಹಾಕಿ, "ನೀವರ ಕಟುಮ್ ಅಂತ ಕಡೀರಿ. ಸಪ್ಪಳರ ಕೇಳ್ತೀನಿ," ಎಂದರು.

ರೊಟ್ಟಿ ಬಾಯಿಗಿಟ್ಟ ಗುರುಲಿಂಗಪ್ಪನವರಿಗೆ ಹಲ್ಲು ಕೂಡಿಸಲು ಮನಸ್ಸಾಗಲಿಲ್ಲ; ತಾವೂ ಅದನ್ನು ಸಾರಿನಲ್ಲಿ ನೆನೆಸಿದರು.