ಕನ್ನಡಕದೊಳಗಿನ ಅಡುಗೆಮನೆಗೂ ಚಪ್ಪಲಿ ಬೇಡ ಎಂದ ಗುರುಬಾಯಿ

"ತೆಗೀರಿ ಇದನ್ನ!" ಗುರುಬಾಯಿ ಗುಡುಗಿದ ರಭಸಕ್ಕೆ ಗಾಣಗಾಪುರದ ನಮ್ಮ ಲಾಡ್ಜಿನ ಅಡುಗೆಮನೆಯ ತಟ್ಟೆಗಳೇ ನಡುಗಿದವು.

ನಾನು ಅಲ್ಲಿನ ಮ್ಯಾನೇಜರ್. ಗುರುಬಾಯಿ ಇಪ್ಪತ್ತು ವರ್ಷದಿಂದ ನಮ್ಮ ಹೆಡ್ ಕುಕ್. ಹೋದ ತಿಂಗಳು ಕಾದ ಎಣ್ಣೆ ಸಿಡಿದು ಆಕೆಯ ಪಾದ ಸುಟ್ಟಿತ್ತು.

ಗಾಬರಿಯಾದ ಮಾಲೀಕರು ಕಲಬುರಗಿಯಿಂದ ವಿಆರ್ ತರಬೇತಿ ತರಿಸಿದರು. ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿಕೊಂಡರೆ ಸುಳ್ಳು ಅಡುಗೆಮನೆ, ಸುಳ್ಳು ಬೆಂಕಿ! ಪಾಸಾದವರಿಗೆ ಒಲೆ, ಫೇಲಾದವರಿಗೆ ಈರುಳ್ಳಿ ಹೆಚ್ಚುವ ಕೆಲಸ.

ಮೊದಲ ಹೆಜ್ಜೆಯಲ್ಲೇ ರಣರಂಗ. ಕನ್ನಡಕದೊಳಗೆ ಅಡುಗೆಮನೆ ಬಾಗಿಲ ಹೊರಗೆ ಬೂಟು ಇಟ್ಟಿದ್ದಾರೆ. ಹಾಕಿಕೊಂಡರೆ ಮಾತ್ರ ಬಾಗಿಲು ತೆರೆಯುತ್ತದೆ.

"ಹೊರಗಿಂದು ಕಾಲಾಗ ಹಾಕ್ಕೊಂಡು ನಾ ಅಡಗಿಮನಿಗಿ ಹೋಗಂಗಿಲ್ರಿ. ದತ್ತಪ್ಪನ ನೈವೇದ್ಯ ಮಾಡೋ ಕೈ ಇದು."

"ಅವ್ವಾ, ಅದು ಖರೇ ಅಡಗಿಮನಿ ಅಲ್ರಿ, ಬರೇ ಚಿತ್ರ," ಎಂದ ತರಬೇತಿಯವನು.

"ಚಿತ್ರದಾಗಿನ ದೇವ್ರಿಗಿ ಕೈ ಮುಗಿತೀಯಿಲ್ಲೋ? ಮತ್ತ?"

ತೆರೆಯ ಮೇಲೆ ಕೆಂಪಕ್ಷರ... ಫೇಲ್.

ನನಗೆ ತಲೆ ಕೆಟ್ಟುಹೋಯಿತು. ಯಂತ್ರದ ಮಾತು ಸುಳ್ಳಲ್ಲವಲ್ಲ! ಬರಿಗಾಲಲ್ಲಿ ನಿಂತೇ ಈಕೆ ಸುಟ್ಟುಕೊಂಡದ್ದು. ಕೈ ಮುಗಿದೆ, ಗದರಿದೆ, ಕಂಪನಿ ನಾಟಕದಲ್ಲಿ ಕಲಿತ ಅಳುವನ್ನೂ ಅತ್ತೆ.

"ನಾಟಕ ಸಾಕು ಮಾಡ್ರಿ ಮ್ಯಾನೇಜರ್ರ. ಹೊಸಾ ಜೋಡಿ ತರ್ರಿ, ಅಡಗಿಮನಿ ಒಳಗ ಬಂದ ಮ್ಯಾಲೇ ಡಬ್ಬಿ ಬಿಚ್ರಿ. ಅದು ಹೊಸ್ತಿಲಾ ದಾಟಿ ಹೊರಗ ಹೋಗಬಾರದು, ಅಷ್ಟ."

ಇಷ್ಟೇನಾ! ಅಫಜಲಪುರಕ್ಕೆ ಓಡಿ ತಂದೆ. ತೊಳೆದಳು, ಅರಿಶಿನ ಹಚ್ಚಿದಳು, ಹಾಕಿಕೊಂಡಳು. ಗೆದ್ದೆ ಎಂದು ಎದೆ ಉಬ್ಬಿಸಿದೆ.

ಎಲ್ಲಿಯ ಗೆಲುವು...

"ನಮ್ಮ ಸಿಸ್ಟಮ್‌ನಾಗ ಬೂಟು ಹೊರಗ ಅದಾವ್ರಿ. ಬದಲಿ ಮಾಡಾಕ ಬರಂಗಿಲ್ಲ," ಎಂದ ತರಬೇತಿಯವನು.

"ಸರ್ಟಿಫಿಕೇಟ್ ಇಲ್ಲಂದ್ರ ಒಲಿ ಇಲ್ಲ," ಎಂದರು ಮಾಲೀಕರು.

ಆ ಸರ್ಟಿಫಿಕೇಟ್ ಸಿಕ್ಕಿದ್ದು ಯಾರಿಗೆ? ತಮಾಷೆಗೆಂದು ಕನ್ನಡಕ ಕಟ್ಟಿ, ಆ ಸುಳ್ಳು ಬೂಟು ಹಾಕಿ ಒಳಹೊಕ್ಕ ನನಗೆ! ಹಪ್ಪಳ ಸುಡಲೂ ಬಾರದ ಈ ಮಹಾಶಯನಿಗೆ!

ಇವತ್ತು ಬೆಳಿಗ್ಗೆ ಯಾತ್ರಿಕರು ಎಲೆ ಮುಂದೆ ಕೂತಿದ್ದಾರೆ. ಕಡಾಯಿ ಮುಂದೆ ನಾನು. ಒಂದು ಪೂರಿಯೂ ಉಬ್ಬುತ್ತಿಲ್ಲ.

"ಎಣ್ಣಿ ಇನ್ನಾ ಕಾದಿಲ್ರಿ... ತಡೀರಿ..." ಗುರುಬಾಯಿ ಮೂಲೆಯಿಂದ ಹೇಳುತ್ತಾಳೆ. ಏಳಲು ಹೋಗಿ, ಮಾಲೀಕರ ಮುಖ ನೋಡಿ, ಮತ್ತೆ ಈರುಳ್ಳಿಗೆ ಕೈ ಹಾಕುತ್ತಾಳೆ.

ಪಾದ ಕಾಯಲು ಬಂದ ಯಂತ್ರ, ಪಾದಕ್ಕೆ ಬೂಟು ಬಂದ ಮೇಲೂ ಆಕೆಯನ್ನು ಒಲೆ ಮುಂದಿನಿಂದ ಎಬ್ಬಿಸಿಬಿಟ್ಟಿತಲ್ಲ, ಈ ಅಹವಾಲನ್ನು ನಾನು ಯಾರ ಮುಂದೆ ಇಡಲಿ, ಹೇಳಿ ಮಹನೀಯರೇ?