ಮಡಚದೆ ಕೊಟ್ಟ ಡಬ್ಬಿ

ಅಂದು ಬೆಳಗ್ಗೆಯೂ, ಕಸದ ಗಾಡಿಯ ಅಕ್ಕ ಹೇಳಿಕೊಟ್ಟಿದ್ದಂತೆ, ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಣುಕು ಅದಕ್ಕೇ ಅಂಟಿಕೊಂಡು ನೇತಾಡುವಂತೆ ಸೀಳಿ ಹಾಲು ಬಗ್ಗಿಸಿದೆ. ಖಾಲಿ ಪ್ಯಾಕೆಟ್ಟನ್ನು ತೊಳೆದು ನಲ್ಲಿಗೆ ಸಿಕ್ಕಿಸಿದೆ. ಹಸಿ ಕಸದ ಬಕೆಟ್ಟು, ಒಣ ಕಸದ ಚೀಲ ಎರಡನ್ನೂ ಗೇಟಿನ ಹತ್ತಿರ ಇಟ್ಟು ಸೀಟಿಗೆ ಕಾದೆ. ರಾಮಕೃಷ್ಣನಗರದ ನಮ್ಮ ರಸ್ತೆಗೆ ಕಸದ ಗಾಡಿ ಬರುವುದು ಏಳೂವರೆಗೆ. ಸೀಟಿ ಕೇಳಿತು. ಅಕ್ಕ ಬಾರದಾದ ಮೇಲೆ ಗಾಡಿಗೆ ದಿನಕ್ಕೊಬ್ಬರು; ಅಂದು ತಳ್ಳುತ್ತಿದ್ದವರೂ ಬೇರೆ ಯಾರೋ.

"ಅಕ್ಕ ಹೋಗ್ಬುಟ್ರು ಕಣಮ್ಮ, ನೆನ್ನೆ ಸಾಯಂಕಾಲ," ಎಂದರು ಆಕೆ, ಬಕೆಟ್ಟು ಎತ್ತುತ್ತಲೇ. "ಸಕ್ಕರೆ ಕಾಯ್ಲೆ ಇತ್ತಲ್ಲ. ಕೈ ಗಾಯ ಮಾಗ್ಲೇ ಇಲ್ಲ."

ಆ ಕೈಯನ್ನು ನಾನು ಹನ್ನೊಂದು ವರ್ಷ ದಿನಾ ಬೆಳಗ್ಗೆ ನೋಡಿದ್ದೇನೆ. ಹೆಬ್ಬೆರಳು ಹುಣಸೆಯ ಸಿಪ್ಪೆಯಷ್ಟು ಒರಟು. ಕೆಲಸಕ್ಕೆ ಕೊಟ್ಟಿದ್ದ ಕೈಗವಸು ಸೊಂಟದಲ್ಲಿರುತ್ತಿತ್ತು. "ಇದಾಕೊಂಡ್ರೆ ಬೆರಳಿಗೆ ಕಣ್ಣು ಕಟ್ಟಿದಂಗಾಯ್ತದೆ," ಎನ್ನುತ್ತಿದ್ದರು. ಯಾವ ಪ್ಯಾಕೆಟ್ಟನ್ನಾದರೂ ಹಿಸುಕಿ, ಅದರ ಸದ್ದು ಕೇಳಿಯೇ ಜಾತಕ ಹೇಳುತ್ತಿದ್ದರು. ಹಾಲಿನದಾದರೆ ಕರಗಿಸಿ ಮತ್ತೇನನ್ನಾದರೂ ಮಾಡಬಹುದು. ಚಿಪ್ಸಿನದನ್ನು ಯಾರೂ ಮುಟ್ಟುವುದಿಲ್ಲ. "ಮ್ಯಾಲೆ ಬಣ್ಣ, ಒಳಗೆ ಬೆಳ್ಳಿ, ನಡುವೆ ಇನ್ನೊಂದು. ಗಂಡ, ಹೆಂಡ್ತಿ, ಅತ್ತೆ ಮೂರೂ ಜನ ಒಂದೇ ಚಾಪೇಲಿ ಮಲಗ್ದಂಗೆ. ಯಾರು ಬುಡ್ಸಕ್ಕಾಯ್ತದೆ?"

ಮೊಸರಿನ ಡಬ್ಬಿಯ ಬಗ್ಗೆಯೂ ಅವರದೊಂದು ತಕರಾರಿತ್ತು. ಒಳ ಅಂಚಿನ ಸಂದಿಯಲ್ಲಿ ಎರಡು ಚಮಚ ಮೊಸರು ನಿಂತೇ ಬಿಡುತ್ತದೆ. "ಇದ ಮಾಡ್ದೋನು ಒಂದಿನಾನೂ ಮೊಸರನ್ನ ಉಂಡಿಲ್ಲ ಕಣಮ್ಮ. ದಿನಾ ಬೀದಿ ಉದ್ದಕ್ಕೂ ಒಂದೊಂದು ಡಬ್ಬೀಲಿ ಎರಡೆರಡು ಚಮಚ. ಒಂದು ಮನೆ ಊಟ ನನ್ ಗಾಡೀಲಿ ಹೋಯ್ತದೆ."

ಒಮ್ಮೆ ತಾರೀಖು ಮುಗಿದಿದೆಯೆಂದು ಒಡೆಯದ ರವೆಯ ಪ್ಯಾಕೆಟ್ಟನ್ನು ಹಾಗೆಯೇ ಕಸಕ್ಕೆ ಹಾಕಿದ್ದೆ. ಗೇಟಿನಲ್ಲೇ ಅದನ್ನು ಹೊರತೆಗೆದು, ಮೇಲಿದ್ದ ಅಕ್ಷರವನ್ನು ನನ್ನಿಂದಲೇ ಓದಿಸಿದರು. ಮುಗಿದದ್ದು ಹಿಂದಿನ ದಿನ. "ಅಂದ್ರೆ ರಾತ್ರಿ ಹನ್ನೆರಡು ಗಂಟೆ ಹೊಡೀತಿದ್ದಂಗೆ ಹುಳ ಬಂದ್ಬುಡ್ತಾ?" ಎಂದು ನಕ್ಕು, ಬಿಚ್ಚಿ ಮೂಸಿ, ನನ್ನ ಕೈಗೇ ವಾಪಸು ಕೊಟ್ಟರು. ನಾಚಿಕೆಯಿಂದ ಒಳಗೆ ಹೋಗಿ ಉಪ್ಪಿಟ್ಟು ಮಾಡಿದೆ. ಬೀದಿ ಮುಗಿಸಿ ವಾಪಸು ಬರುವಾಗ ಕಾಗದದ ತಟ್ಟೆಯಲ್ಲಿ ಕೊಡಹೋದೆ. ಅವರು ತಟ್ಟೆಯನ್ನೂ ನನ್ನನ್ನೂ ನೋಡಿದರು. "ಇದನ್ನೂ ನಾನೇ ಹೊರಬೇಕಲ್ಲಮ್ಮ." ಅಂದಿನಿಂದ ನಮ್ಮದೇ ಸ್ಟೀಲ್ ತಟ್ಟೆ.

ಯಾವ ಪೊಟ್ಟಣ ಯಾರ ಮನೆಯದು ಎಂಬುದು ಅವರಿಗೆ ತಪ್ಪಿದ್ದೇ ಇಲ್ಲ. ಮೂಲೆಮನೆಯವರ ಅರ್ಧ ಬ್ರೆಡ್ಡು, ಮಹಡಿಮನೆಯವರ ಸಾಸ್ ಬಾಟಲಿ, ನಮ್ಮ ಬಿಸ್ಕತ್ತಿನ ಕವರು, ಎಲ್ಲವೂ ಬಾಯಿಪಾಠ. ಅವರು ಎಲ್ಲರಿಗೂ ಹೇಳುತ್ತಿದ್ದ ಎಚ್ಚರಿಕೆ ಒಂದೇ: "ತಗಡಿನ ಡಬ್ಬಿ ಒಡೆದ್ರೆ ಮುಚ್ಚಳಾನ ಒಳಗಾಕಿ, ಬಾಯಿ ಅಮುಕಿ ಮಡಚಿ ಕೊಡಿ. ಇಲ್ದಿದ್ರೆ ಅದು ಚೂರಿ."

ಎರಡು ತಿಂಗಳ ಹಿಂದೆ ನನ್ನ ಮಗಳ ಹುಟ್ಟುಹಬ್ಬಕ್ಕೆ ರಸಗುಲ್ಲದ ತಗಡಿನ ಡಬ್ಬಿ ತಂದಿದ್ದೆ. ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಎರಡು ಬಂದವು. ಎರಡನೆಯದು ಯಾರಿಗೂ ಬೇಕಿರಲಿಲ್ಲ. ಆದರೂ ಒಡೆದೆವು, ಅರ್ಧ ಚೆಲ್ಲಿದೆವು. ನೆಂಟರು ಹೊರಡುವ ಗಡಿಬಿಡಿಯಲ್ಲಿ ಡಬ್ಬಿಗಳನ್ನೂ ಮುಚ್ಚಳಗಳನ್ನೂ ಬಿಡಿಬಿಡಿಯಾಗಿ ಚಿಪ್ಸಿನ ಖಾಲಿ ಕವರುಗಳ ಜೊತೆ ಚೀಲಕ್ಕೆ ತುರುಕಿದೆ. ಮಡಚಲಿಲ್ಲ.

ಮರುದಿನ ಬೆಳಗ್ಗೆ ಅಕ್ಕ ನಮ್ಮ ಚೀಲ ತೆಗೆದುಕೊಂಡು ಮುಂದೆ ಹೋದರು. ಮೂರು ಮನೆ ದಾಟಿ, ಜಾಗ ಮಾಡಲೆಂದು ಗಾಡಿಯೊಳಗೆ ಅಂಗೈಯಿಂದ ಒತ್ತಿದರು. "ಅವ್ವಾ!" ಎಂದದ್ದು ನನಗೆ ಗೇಟಿನಲ್ಲೇ ಕೇಳಿತು. ಅರಿಶಿನ, ಬಟ್ಟೆ ಹಿಡಿದು ಓಡಿದೆ. ರಕ್ತದ ನಡುವೆ ಮುಚ್ಚಳದ ಮೇಲೆ ಸಕ್ಕರೆ ಪಾಕ ಹೊಳೆಯುತ್ತಿತ್ತು.

"ಯಾರ ಮನೇದಕ್ಕಾ ಇದು?" ಎಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ಇವತ್ತಿಗೂ ತಿಳಿಯದು.

ಅವರು ಮುಚ್ಚಳವನ್ನು ನೋಡಿದರು. ನನ್ನನ್ನು ನೋಡಿದರು. "ಗೊತ್ತಾಗ್ನಿಲ್ಲ ಕಣವ್ವ," ಎಂದರು. "ಯಾರೋ ಪಾಪ, ತಿಳೀದೆ ಹಾಕವ್ರೆ."

ಹನ್ನೊಂದು ವರ್ಷದಲ್ಲಿ ಅವರು ಗೊತ್ತಾಗಲಿಲ್ಲ ಎಂದದ್ದು ಅದೊಂದೇ ಸಲ.

ಎರಡು ಸಲ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂರು ವಾರ ಬಟ್ಟೆ ಸುತ್ತಿದ ಕೈ ಎದೆಗೊತ್ತಿಕೊಂಡು, ಎಡಗೈಯಲ್ಲಿ ಗಾಡಿ ತಳ್ಳಿದರು. ಆಮೇಲೆ ಬರಲಿಲ್ಲ. ಹೋಗಿ ಹೇಳಿಬಿಡಬೇಕು ಎಂದು ದಿನಾ ಅಂದುಕೊಂಡೆ. ದಿನಾ ಏನಾದರೊಂದು ಕೆಲಸ ಅಡ್ಡ ಬರುತ್ತಿತ್ತು. ನಿಜ ಹೇಳುವುದಾದರೆ, ನಾನೇ ಅದನ್ನು ಅಡ್ಡ ತಂದುಕೊಳ್ಳುತ್ತಿದ್ದೆ. ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ಕೇಳಬೇಕಾದವರೇ ಇಲ್ಲವಾದರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ಸುದ್ದಿ ಕೇಳಿದ ಆ ಮಧ್ಯಾಹ್ನ ಅಕ್ಕನ ಮನೆಯಿರುವ ಕುಂಬಾರಕೊಪ್ಪಲಿಗೆ ಹೋದೆ. ಚಾಪೆಯ ಮೇಲೆ ಮಲಗಿಸಿದ್ದರು. ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಉಳಿದವನ್ನು ಸೆರಗಿನಲ್ಲಿ ಮುಚ್ಚಿದ್ದರು. ಅಕ್ಕನ ಮಗಳು ನನ್ನ ಗುರುತು ಹಿಡಿದು ಎದ್ದು ಬಂದಳು.

"ಆಟೋ ಮಾಡ್ಕೊಂಡು ಆಸ್ಪತ್ರೆಗೆ ಕರ್ಕೊಂಡೋಗಿದ್ದ ಅಮ್ಮೋರು ನೀವೇ ಅಲ್ವಾ? ಅವ್ವ ಬಂದೋರಿಗೆಲ್ಲ ನಿಮ್ ಸುದ್ದಿನೇ ಹೇಳ್ತಿತ್ತು." ಹೀಗೆಂದು ಕೈಮುಗಿದಳು.

ನಾನೂ ಕೈಮುಗಿದು ಬಂದೆ.

ಸಂಜೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಎದುರುಮನೆಯವರು ಕಾಂಪೌಂಡಿನ ಮೇಲಿಂದ ಬಗ್ಗಿ ಕರೆದರು.

"ಗೊತ್ತಾಯ್ತಾ? ನಮ್ ಕಸದವಳು ಹೋಗ್ಬುಟ್ಳಂತೆ, ಪಾಪ. ಇನ್ಮೇಲೆ ಬೆಳಗ್ಗೆ ಬಂದಿದ್ಳಲ್ಲ, ಅವಳೇ ಅಂತೆ. ಸದ್ಯ ಕಣ್ರೀ, ಇವಳು ಏನನ್ನೂ ಬಿಚ್ಚಿ ನೋಡಲ್ವಂತೆ. ಕಟ್ಟಿಟ್ಟಿದ್ದನ್ನ ಹಂಗೇ ಎತ್ಕೊಂಡ್ ಹೋಗ್ತಾಳಂತೆ."